ಆಗುಸಾ, ಎಂಗ್ಲಗೋರ್ಡ್, ಜಾಂಬಿ: ನನ್ನ ದುಡ್ಡು ಆಗುಸಾಗೆ

1970ರ ದಶಕದ ಪ್ರೋಗ್ರೆಸಿವ್ ರಾಕ್, ಅಂದರೆ ಉದ್ದುದ್ದ ರಚನೆಗಳ ರಾಕ್ ಸಂಗೀತ, ನನಗೆ ಇಷ್ಟ, ಆದರೆ ಅದರ ಗಾಯಕರನ್ನು ಸಹಿಸುವುದು ಕಷ್ಟ. ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಲಿಮಣೆ ಹದವಾಗಿ ಏರುತ್ತಿರುವಾಗ ಯಾರೋ ಬಾಯಿ ತೆರೆದು ಮಾಂತ್ರಿಕರ, ಯಕ್ಷಿಣಿಯರ ಕಥೆ ಶುರುಮಾಡುತ್ತಾರೆ. ಹಾಡುವವರಿಲ್ಲದ, ಆದರೆ ಅದೇ ಹಳೆಯ ವಾದ್ಯಗಳನ್ನು ನುಡಿಸುವ ಈಚಿನ ತಂಡ ಬೇಕಿತ್ತು. ಹುಡುಕಾಟದ ಕೊನೆಗೆ ಮೂರು ಉಳಿದವು. ಆಗುಸಾ ಗೆದ್ದಿತು, ಉಳಿದೆರಡು ಏಕೆ ಸೋತವು ಎಂಬುದಕ್ಕೆ ನನ್ನ ಮನೆ, ನನ್ನ ಕಾಲು, ನನ್ನ ಜೇಬು ಮೂರೂ ಕಾರಣ.

ಜಾಂಬಿ ಅಮೆರಿಕದ ಪಿಟ್ಸ್‌ಬರ್ಗ್‌ನ ಜೋಡಿ. ಸ್ಟೀವ್ ಮೂರ್ ಬಾಸ್ ಗಿಟಾರ್ ಮತ್ತು ಸಿಂಥಸೈಜರ್ ನೋಡಿಕೊಂಡರೆ ಇನ್ನೊಬ್ಬರದು ಡ್ರಮ್ಸ್. ಇಟಲಿಯ ಗಾಬ್ಲಿನ್ ತಂಡ ಭಯಾನಕ ಚಿತ್ರಗಳಿಗೆ ಕೊಟ್ಟ ಸಂಗೀತವೇ ಇವರಿಗೆ ಸ್ಫೂರ್ತಿ. 2004ರ ‘ಕಾಸ್ಮಾಸ್’ ಆಲ್ಬಂ ರಾತ್ರಿ ಹೆದ್ದಾರಿಯಲ್ಲಿ ಹೋಗುವಾಗ ಚೆನ್ನಾಗಿ ಒಪ್ಪುತ್ತದೆ. ಕೊಳಲಿಲ್ಲ, ಉಸಿರಿಲ್ಲ. ಹಗಲಿನಲ್ಲಿ ನನಗೆ ಸೇರಲಿಲ್ಲ.

ಎಂಗ್ಲಗೋರ್ಡ್ ವಿಷಯ ಹಾಗಲ್ಲ. ಮೂರರಲ್ಲಿ ನಿಜವಾದ ಪಾಂಡಿತ್ಯ ಇವರದೇ. 1991ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ತಂಡ. ಮೊದಲ ಆಲ್ಬಂನಲ್ಲಿ ಹಾಡಿದ್ದರು, 1994ರ ‘ಎಪಿಲಾಗ್’ನಲ್ಲಿ ಬರೀ ವಾದ್ಯ. ಅಲ್ಲಿ ಮೆಲ್ಲೊಟ್ರಾನ್ ಎಂಬ ಕೀಲಿಮಣೆ ವಾದ್ಯ ಕೇಳಬೇಕು. ಅದರ ಪ್ರತಿ ಕೀಲಿಯ ಹಿಂದೆಯೂ ಒಂದೊಂದು ಟೇಪಿನ ಪಟ್ಟಿ ಇರುತ್ತದೆ. ಕೀಲಿ ಒತ್ತಿದರೆ ಅದರಲ್ಲಿ ಮುದ್ರಿಸಿಟ್ಟ ಪಿಟೀಲೋ ಕೊಳಲೋ ಸುಮಾರು 8 ಸೆಕೆಂಡು ನುಡಿದು ನಿಲ್ಲುತ್ತದೆ. ಟೇಪು ಎಳೆಯುವಾಗ ಸ್ವರ ಕೂದಲೆಳೆಯಷ್ಟು ಕಂಪಿಸುತ್ತದೆ. ಆ ನಡುಕವನ್ನು ಕೇಳಿದವರಿಗೆ ಕಂಪ್ಯೂಟರಿನ ನಕಲು ರುಚಿಸುವುದಿಲ್ಲ.

ಇಷ್ಟಿದ್ದೂ ಇದನ್ನು ಕೈಬಿಟ್ಟಿದ್ದು ಶಬ್ದದ ಏರಿಳಿತದಿಂದ. ‘ಎಪಿಲಾಗ್’ನಲ್ಲಿ ಕೊಳಲು ಮತ್ತು ಒಂಟಿ ಗಿಟಾರ್ ಪಿಸುಮಾತಿನಲ್ಲೇ ನಿಮಿಷಗಟ್ಟಲೆ ನಡೆಯುತ್ತವೆ. ನಮ್ಮದು ಸರಸ್ವತಿಪುರಂನಲ್ಲಿ ರಸ್ತೆಗೆ ಅಂಟಿಕೊಂಡ ಮನೆ. ತಲೆಯ ಮೇಲೆ ಫ್ಯಾನು, ಅಡುಗೆಮನೆಯಲ್ಲಿ ಕುಕ್ಕರು, ಎದುರು ಮನೆಯ ನೀರಿನ ಮೋಟಾರು, ಅದು ನಿಂತ ಕೂಡಲೇ ತರಕಾರಿ ಗಾಡಿಯ ಮೈಕು. ಕೊಳಲು ಕೇಳಿಸಲೆಂದು ವಾಲ್ಯೂಮ್ ಏರಿಸುತ್ತೇನೆ. ಕೇಳಿಸುವುದಿಲ್ಲ, ಇನ್ನಷ್ಟು ಏರಿಸುತ್ತೇನೆ. ಅಷ್ಟರಲ್ಲಿ ಬಾಸ್, ಆರ್ಗನ್, ಡ್ರಮ್ಸ್ ಮೂರೂ ಒಟ್ಟಿಗೆ ಮೇಲೆ ಬೀಳುತ್ತವೆ. ದೇವರ ಮನೆಯಿಂದ ಅಮ್ಮ ಕೂಗುತ್ತಾರೆ: “ಅಟ್ಟದ ಮೇಲಿಂದ ಏನು ಬಿತ್ತೋ?”

ಫೋನಿನ ಪ್ಲೇಯರಿನಲ್ಲಿ ಶಬ್ದವನ್ನು ಸಮ ಮಾಡುವ ಆಯ್ಕೆ ಇದೆಯಲ್ಲ ಎನ್ನಬಹುದು. ಅದು ಒಂದು ರಚನೆಗೂ ಇನ್ನೊಂದಕ್ಕೂ ನಡುವಿನ ವ್ಯತ್ಯಾಸವನ್ನು ಸರಿದೂಗಿಸುತ್ತದೆಯೇ ಹೊರತು, ಒಂದೇ ರಚನೆಯೊಳಗಿನ ಪಿಸುಮಾತನ್ನೂ ಗುಡುಗನ್ನೂ ಮುಟ್ಟುವುದಿಲ್ಲ. ಅದನ್ನೂ ಒತ್ತಿ ಚಪ್ಪಟೆ ಮಾಡುವ ಬೇರೆ ಆ್ಯಪ್ ಹಾಕಿ ನೋಡಿದೆ. ಪಿಸುಮಾತೇನೋ ಕೇಳಿಸಿತು, ಆದರೆ ಗುಡುಗು ಸತ್ತಿತ್ತು. ಏರಿಳಿತವೇ ಈ ತಂಡದ ಪ್ರಾಣ, ಅದನ್ನು ತೆಗೆದು ಕೇಳುವುದರಲ್ಲಿ ಅರ್ಥವಿಲ್ಲ. ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್ ಬೆವರು ತರಿಸಿತು. ಉಳಿದದ್ದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಫ್ಯಾನ್ ಆರಿಸಿ ಕೇಳುವುದು. ಮೈಸೂರಿನ ಏಪ್ರಿಲ್ ಈಗ ಮೊದಲಿನ ಏಪ್ರಿಲ್ ಅಲ್ಲ. ಫ್ಯಾನಿಲ್ಲದೆ ಹದಿನೈದು ನಿಮಿಷದ ರಚನೆ ಕೇಳುವುದು ನಿರ್ಜಲ ಏಕಾದಶಿ ಮಾಡಿದಂತೆ. ಪುಣ್ಯ ಬರುತ್ತದೆ, ದಿನಾ ಆಗುವುದಿಲ್ಲ.

ಆಗುಸಾದಲ್ಲಿ ಈ ತಾಪತ್ರಯವೇ ಇಲ್ಲ. ಇದೂ ಸ್ವೀಡನ್ನಿನದೇ, ಮಾಲ್ಮೋ ನಗರದ್ದು. ಆರ್ಗನ್, ಕೊಳಲು, ಗಿಟಾರ್, ಬಾಸ್, ಡ್ರಮ್ಸ್. 2015ರ ‘ತ್ವೋ’ ಆಲ್ಬಂನಲ್ಲಿರುವುದು ಎರಡೇ ರಚನೆ, ಎಲ್‌ಪಿ ತಟ್ಟೆಯ ಒಂದೊಂದು ಬದಿಗೆ ಒಂದೊಂದು. ಮೊದಲನೆಯದು ಸುಮಾರು 20 ನಿಮಿಷ. ಜಾನಪದದ ಧಾಟಿಯ ಒಂದು ಚಿಕ್ಕ ಸ್ವರಗುಚ್ಛ ಹಿಡಿದು ಗಿಟಾರ್ ಸುತ್ತುತ್ತದೆ, ಕೊಳಲು ಅದನ್ನು ಇಸಿದುಕೊಂಡು ಇನ್ನೊಂದು ಸುತ್ತು ಹಾಕುತ್ತದೆ, ಅಡಿಯಲ್ಲಿ ಆರ್ಗನ್ ಕಾಯುತ್ತಿರುತ್ತದೆ. ತಾಳ ನಡಿಗೆಯ ತಾಳ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವಾಗ ಗೇಟಿನ ಬಳಿ ಇಟ್ಟ ವಾಲ್ಯೂಮನ್ನು ಮತ್ತೆ ಮುಟ್ಟಬೇಕಾಗಿಲ್ಲ. ಒಂದೇ ಕಿವಿಗೆ ಹಾಕಿಕೊಂಡು, ಇನ್ನೊಂದನ್ನು ಹೆಜ್ಜಾರ್ಲೆಗಳಿಗೂ ಹಿಂದಿನಿಂದ “ಸ್ವಲ್ಪ ಜಾಗ ಕೊಡಿ ಸಾರ್” ಎನ್ನುವವರಿಗೂ ಬಿಟ್ಟಿರುತ್ತೇನೆ. ಮಂಡ್ಯಕ್ಕೆ ಹೋಗುವ ರೈಲಿನ ಗದ್ದಲದಲ್ಲೂ ಏನೂ ಕಳೆದುಹೋಗುವುದಿಲ್ಲ.

ಕೊರತೆ ಇಲ್ಲವೆಂದಲ್ಲ. ಕೆಲವು ಕಡೆ ಬೇಕಾದ್ದಕ್ಕಿಂತ ಒಂದೆರಡು ಸುತ್ತು ಹೆಚ್ಚೇ ಹೊಡೆಯುತ್ತಾರೆ. ನಡೆಯುವವನಿಗೆ ಅಡ್ಡಿಯಿಲ್ಲ, ಕುರ್ಚಿಯಲ್ಲಿ ಕುಳಿತವನು ಆಕಳಿಸಬಹುದು.

ಇನ್ನು ದುಡ್ಡು. ಹೊರದೇಶದ ಸಂಗೀತಕ್ಕೆ ಹಣ ಸುರಿಯುವುದು ಈ ಊರಿಗೆ ಹೊಸದಲ್ಲ. ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ರಷ್ಯಾದ ಸಂಗೀತ ಸಂಯೋಜಕ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದವರು. ನನಗೆ ಅರಮನೆಯಿಲ್ಲ. ಎಲ್‌ಪಿ ತರಿಸಿದರೆ ಅಂಚೆ ವೆಚ್ಚ, ಸುಂಕ, ಆಮೇಲೆ ಪ್ಲೇಯರು. ಡೌನ್‌ಲೋಡ್ ಕೊಂಡೆ. ಕೊಳ್ಳುವ ಮುಂಚೆ ಕಾರ್ಡಿನಲ್ಲಿ ಹೊರದೇಶದ ಪಾವತಿಯನ್ನು ಚಾಲೂ ಮಾಡಿಕೊಳ್ಳಿ, ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿರುತ್ತದೆ.

‘ತ್ವೋ’ ಹಿಡಿಸಿದರೆ ಮುಂದಿನದು 2021ರ ‘ಎನ್ ಅನ್ನನ್ ವ್ಯಾರ್ಲ್ಡ್’, ಅದರಲ್ಲೂ ಎರಡೇ ದೀರ್ಘ ರಚನೆ. 2014ರ ಮೊದಲ ಆಲ್ಬಂ ಆಮೇಲೆ ಆದರೂ ನಡೆಯುತ್ತದೆ. ಮನೆಯ ಹಿಂಬದಿಯಲ್ಲಿ ಸದ್ದಿಲ್ಲದ ಕೋಣೆಯಿದ್ದವರು ಧಾರಾಳವಾಗಿ ‘ಎಪಿಲಾಗ್’ ಕೊಳ್ಳಲಿ. ಜಾಂಬಿಯನ್ನು ಕಾರು ಇರುವವರು ನೋಡಿಕೊಳ್ಳಲಿ, ನನ್ನದು ಸ್ಕೂಟರ್.