ಬಿಳಿ ಕೂದಲಿಗೆ ಮೆಹಂದಿಯೋ, ಡೈಯೋ?

ಈ ವಾರವೇ ಮನೆಯಲ್ಲಿ ಮದುವೆ ಇದ್ದರೆ ಡೈ ಸಲೀಸು. ಅರ್ಧ ಗಂಟೆ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ, ಬಿಳಿ ಪೂರ್ತಿ ಮುಚ್ಚುತ್ತದೆ. ತೊಂದರೆ ಇರುವುದು ಪಿಪಿಡಿ ಎಂಬ ರಾಸಾಯನಿಕದಲ್ಲಿ. ಕಪ್ಪು ಡೈಗಳಲ್ಲಿ ಇದು ಸಾಮಾನ್ಯ. ಕೆಲವರಿಗೆ ತುರಿಕೆ ಬರುತ್ತದೆ, ಮುಖವೇ ಊದಿಕೊಳ್ಳುತ್ತದೆ. ವರ್ಷಗಟ್ಟಲೆ ಹಚ್ಚಿಕೊಂಡವರಿಗೂ ಒಮ್ಮೆಲೇ ಶುರುವಾಗಬಹುದು. ಹಾಗಾಗಿ ಪ್ರತಿ ಸಲವೂ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ಡಬ್ಬಿ ಮೇಲೆ ‘ಅಮೋನಿಯಾ ಇಲ್ಲ’ ಅಂತ ಇದ್ದರೆ ಪಿಪಿಡಿಯೂ ಇಲ್ಲ ಅಂತಲ್ಲ.

ಮೆಹಂದಿಗೆ ತಾಳ್ಮೆ ಬೇಕು. ಬರೀ ಮೆಹಂದಿ ಹಚ್ಚಿದರೆ ಬಿಳಿ ಕೂದಲು ಕೇಸರಿ-ಕೆಂಪಾಗುತ್ತದೆ. ಕಪ್ಪು ಬೇಕಾದರೆ ಎರಡು ಮೂರು ಗಂಟೆ ಬಿಟ್ಟು ತೊಳೆದು, ಮೇಲೆ ಇಂಡಿಗೊ (ನೀಲಿ ಗಿಡದ ಎಲೆ) ಪುಡಿಯನ್ನು ಒಂದು ಗಂಟೆಯಾದರೂ ಹಚ್ಚಬೇಕು. ಇಂಡಿಗೊವನ್ನು ರಾತ್ರಿಯೇ ಕಲಸಿಡಬೇಡಿ, ಬಣ್ಣ ಹಿಡಿಯುವುದಿಲ್ಲ. ಬಣ್ಣ ಗಾಢವಾಗಲು ಇನ್ನೊಂದೆರಡು ದಿನ. ಭಾನುವಾರ ಪೂರ್ತಿ ಹೋಯಿತು ಅನ್ನಿ! ಕೂದಲು ಸ್ವಲ್ಪ ಒರಟಾಗುತ್ತದೆ. ದಾವಣಗೆರೆ ಕಡೆಯ ಗಡಸು ಬೋರ್ ನೀರಿನಲ್ಲಿ ತೊಳೆದರೆ ಇನ್ನೂ ಜಾಸ್ತಿ.

ಹತ್ತೇ ನಿಮಿಷದಲ್ಲಿ ಕಪ್ಪು ಮಾಡುವ ‘ಕಪ್ಪು ಮೆಹಂದಿ’ ಪೊಟ್ಟಣಗಳನ್ನು ನಾನಂತೂ ನಂಬುವುದಿಲ್ಲ. ಅಷ್ಟು ಬೇಗ ಕಪ್ಪಾದರೆ ಒಳಗೆ ಪಿಪಿಡಿ ಇರುವ ಸಾಧ್ಯತೆಯೇ ಹೆಚ್ಚು.

ಯಾವುದೇ ಹಚ್ಚಿದರೂ ಬುಡ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳ್ಳಗೆ ಬೆಳೆಯುತ್ತದೆ. ಅಲ್ಲೊಂದು ಇಲ್ಲೊಂದು ನರೆ ಇರುವವರು ಮೆಹಂದಿಯಿಂದ ಶುರು ಮಾಡುವುದು ವಾಸಿ. ಡೈಯಿಂದ ಒಮ್ಮೆ ಅಲರ್ಜಿ ಆಗಿದ್ದರಂತೂ ಆ ಕಡೆ ತಲೆಯೇ ಹಾಕಬೇಡಿ.