ಪಿಎಫ್ ಎಸ್ಟಾಬ್ಲಿಷ್‌ಮೆಂಟ್ ಸರ್ಚ್: ಏಜೆನ್ಸಿ ಜಾತಕ ನೋಡೋ ಫ್ರೀ ಸರ್ವಿಸ್, ನನ್ ಕಡೆಯಿಂದ 4 ಸ್ಟಾರ್

ಹೊರಗುತ್ತಿಗೇಲಿ ಕೆಲಸ ಮಾಡೋರು ಯಾರಿದೀರೋ ಇದನ್ನ ಓದಿ. ಪಿಎಫ್ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ ಇಪಿಎಫ್‌ಓ ವೆಬ್‌ಸೈಟಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸರ್ಚ್ ಅಂತ ಒಂದು ಪೇಜ್ ಇದೆ, ಲಾಗಿನ್ ಬೇಡ, ಓಟಿಪಿ ಬೇಡ, ದುಡ್ಡೂ ಬೇಡ. ಏಜೆನ್ಸಿ ಹೆಸರೋ ಇಲ್ಲಾ 7 ಅಂಕಿ ಕೋಡೋ ಹೊಡೆದು ಕ್ಯಾಪ್ಚಾ ಹಾಕಿದ್ರೆ ಕಂಪನಿ ಅಡ್ರೆಸ್ ಬರುತ್ತೆ, ಅಲ್ಲಿಂದ ಪೇಮೆಂಟ್ ಡೀಟೇಲ್ಸ್ ಒತ್ತಿದ್ರೆ ಯಾವ ತಿಂಗಳಿಗೆ ಎಷ್ಟು ಜನರ ಪಿಎಫ್, ಎಷ್ಟು ದುಡ್ಡು, ಯಾವ ತಾರೀಖು ಬಿತ್ತು, ಎಲ್ಲಾ ಸಾಲಾಗಿ ಬಂದು ಕೂತ್ಕೊಳ್ಳುತ್ತೆ. ಹೆಣ್ಣು ಕೊಡೋಕೆ ಮುಂಚೆ ಗಂಡಿನ ಊರಿಗೆ ಹೋಗಿ ವಿಚಾರಿಸ್ತಾರಲ್ಲ ಅದೇ ಥರ, ಆದ್ರೆ ಇಲ್ಲಿ ಬಸ್ ಚಾರ್ಜೂ ಉಳೀತು.

ನಾನು ಒಂದು ಸರ್ಕಾರಿ ಆಫೀಸಲ್ಲಿ ಡಾಟಾ ಎಂಟ್ರಿ ಆಪರೇಟರ್. ಆರು ವರ್ಷದಿಂದ ಕುರ್ಚಿ ಅದೇ ಕಂಪ್ಯೂಟರ್ ಅದೇ, ಏಜೆನ್ಸಿ ಮಾತ್ರ ಮೂರನೇದು. (ಆಫೀಸ್ ಹೆಸರು ಏಜೆನ್ಸಿ ಹೆಸರು ಕೇಳ್ಬೇಡಿ, ನಂಗೂ ಕೆಲಸ ಬೇಕು.) ಹೋದ ವರ್ಷ ನಮ್ ಹೌಸ್‌ಕೀಪಿಂಗ್ ಅಕ್ಕ ಒಬ್ರು ಗಂಡನ ಆಪರೇಷನ್‌ಗೆ ಪಿಎಫ್ ಅಡ್ವಾನ್ಸ್ ತೆಗೀಬೇಕು ಅಂತ ಬಂದ್ರು, "ಸಾರ್ ಎಷ್ಟಾಗದೆ ವಸಿ ನೋಡಿ ಹೇಳಿ" ಅಂತ ಫೋನ್ ಕೊಟ್ರು. ಪಾಸ್‌ಬುಕ್ ತೆಗೆದ್ರೆ ಎಂಟ್ರಿ ಇದ್ದಿದ್ದು 5 ತಿಂಗಳದ್ದು. ಅವ್ರ ಸಂಬಳದಲ್ಲಿ ಮುರ್ಕೊಂಡಿದ್ದು 14 ತಿಂಗಳು, ಪೇ ಸ್ಲಿಪ್ ಎಲ್ಲಾ ಪ್ಲಾಸ್ಟಿಕ್ ಕವರಲ್ಲಿ ಮಡಚಿ ಇಟ್ಕೊಂಡಿದ್ರು, ಓದೋಕೆ ಬರಲ್ಲ ಆದ್ರೆ ಒಂದೂ ಕಳೆದಿಲ್ಲ. 15,000ಕ್ಕೆ 12% ಅಂದ್ರೆ 1,800, ಒಂಬತ್ತು ತಿಂಗಳಿಗೆ 16,200, ಏಜೆನ್ಸಿ ತನ್ನ ಪಾಲು ಅಂತ ಹಾಕಬೇಕಾದ್ದೂ ಅಷ್ಟೇ. ಸೂಪರ್‌ವೈಸರ್‌ನ ಕೇಳಿದ್ರೆ "ಸರ್ವರ್ ಪ್ರಾಬ್ಲಮ್ ಕಣಕ್ಕ, ಬೀಳುತ್ತೆ ಬಿಡಿ" ಅಂದ. ಒಂಬತ್ತು ತಿಂಗಳು ಮಲಗೋ ಸರ್ವರ್ ಯಾವುದಪ್ಪ ಅದು.

ಅವತ್ತು ಮಧ್ಯಾಹ್ನ ಊಟದ ಟೈಮಲ್ಲಿ ಈ ಪೇಜ್ ತೆಗೆದು ಕೂತೆ. ನಮ್ಮಲ್ಲಿ ಹಾಜರಿ ಪುಸ್ತಕಕ್ಕೆ ಸೈನ್ ಹಾಕೋರು 42 ಜನ, ಅಲ್ಲಿ ಪಿಎಫ್ ಕಟ್ಟಿರೋ ಲೆಕ್ಕ 19 ಜನಕ್ಕೆ. ಮುಂದಿನ ತಿಂಗಳು 15ರ ಒಳಗೆ ಕಟ್ಟಬೇಕು ಅನ್ನೋದು ರೂಲ್, ಇವ್ರು ಐದು ತಿಂಗಳದ್ದನ್ನ ಒಂದೇ ದಿನ ಸುರಿದಿದಾರೆ, ಆ ತಾರೀಖು ನೋಡಿದ್ರೆ ಹೊಸ ಟೆಂಡರ್‌ಗೆ ಬಿಡ್ ಹಾಕೋಕೆ ಸರಿಯಾಗಿ ಒಂದು ವಾರ ಮುಂಚೆ, ಅಂದ್ರೆ ಅರ್ಜಿ ಜೊತೆ ಲಗತ್ತಿಸೋಕೆ ಚಲನ್ ಬೇಕಿತ್ತು ಅಷ್ಟೇ.

ಟೆಂಡರ್ ಆಯ್ತು, ಬೇರೆ ಏಜೆನ್ಸಿ ಬಂತು, ಸದ್ಯ ಅಂದ್ಕೊಂಡ್ವಿ. ಸೋಮವಾರ ಬೆಳಿಗ್ಗೆ ನೋಡಿದ್ರೆ ಅದೇ ಸೂಪರ್‌ವೈಸರ್, ಕುತ್ತಿಗೇಲಿದ್ದ ಐಡಿ ಟ್ಯಾಗ್ ಮಾತ್ರ ನೀಲಿ ಹೋಗಿ ಕೆಂಪಾಗಿದೆ. ಹೊಸ ಹೆಸರನ್ನೂ ಸರ್ಚ್‌ಗೆ ಹಾಕ್ದೆ, ಅದೇ ಬಿಲ್ಡಿಂಗ್, ಅದೇ ಎರಡನೇ ಮಹಡಿ. ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ.

ತಮಾಷೆ ಏನಂದ್ರೆ ಇವ್ರು ಛಾಪಾ ಕಾಗದದಲ್ಲಿ "ನಮ್ಮನ್ನ ಎಲ್ಲೂ ಬ್ಲ್ಯಾಕ್‌ಲಿಸ್ಟ್ ಮಾಡಿಲ್ಲ" ಅಂತ ಅಫಿಡವಿಟ್ ಕೊಟ್ಟಿದಾರಲ್ಲ ಅದು ಸುಳ್ಳಲ್ಲ, ನಿಜವಾಗ್ಲೂ ಯಾರೂ ಮಾಡಿಲ್ಲ. ಬ್ಲ್ಯಾಕ್‌ಲಿಸ್ಟ್ ಮಾಡಬೇಕಾದ್ರೆ ನೋಟಿಸ್ ಕೊಟ್ಟು ಅವ್ರ ಮಾತೂ ಕೇಳಬೇಕು, 1974ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, 2013ರಲ್ಲಿ ಇನ್ನೊಂದು ತೀರ್ಪಲ್ಲಿ ಕಾಯಂ ಆಗಿ ಹೊರಗಿಡೋ ಹಾಗಿಲ್ಲ ಅಂತಾನೂ ಹೇಳಿದೆ. ನ್ಯಾಯಾನೇ ಅದು, ನಾನೇನೂ ಬೇಡ ಅನ್ನಲ್ಲ. ಆದ್ರೆ ಆಫೀಸ್‌ನೋರಿಗೆ ಅಷ್ಟೆಲ್ಲಾ ಫೈಲ್ ಓಡಿಸೋ ತಲೆನೋವು ಯಾಕೆ, ಟೆಂಡರ್ ಅವಧಿ ಮುಗೀತು ಪೀಡೆ ತೊಲಗ್ತು ಅಂತ ಬಿಡ್ತಾರೆ, ಮುಂದಿನ ಆಫೀಸಲ್ಲಿ ಅವ್ನು ಅಪ್ಪಟ ಚಿನ್ನ. ಮೇಲಾಗಿ ಸಂಬಳ ಪಿಎಫ್ ಇಎಸ್‌ಐ ಎಲ್ಲಾ ಫಿಕ್ಸ್ ಇರೋದ್ರಿಂದ ಪೈಪೋಟಿ ನಡೆಯೋದು ಸರ್ವಿಸ್ ಚಾರ್ಜ್ ಮೇಲೆ ಮಾತ್ರ, ಯಾರು ಅದನ್ನ ಕಾಸಿಗೆ ಕಡಿಮೆ ಕೋಟ್ ಮಾಡ್ತಾನೋ ಅವ್ನಿಗೇ ಕೆಲಸ. ಅಷ್ಟರಲ್ಲಿ ಏಜೆನ್ಸಿ ನಡೆಸೋಕೆ ಆಗುತ್ತಾ, ಎಲ್ಲೋ ಹಿಡೀಲೇಬೇಕು, ಹಿಡಿಯೋದು ಅಕ್ಕನ 1,800ರಲ್ಲಿ.

ಗುತ್ತಿಗೆದಾರ ಸಂಬಳ ಕೊಡದಿದ್ರೆ ಕೆಲಸ ಮಾಡಿಸ್ಕೊಂಡೋರೇ ಕೊಟ್ಟು ಆಮೇಲೆ ಬಿಲ್ಲಲ್ಲಿ ಮುರ್ಕೋಬೇಕು ಅನ್ನೋದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೇಲೇ ಬಂದಿರೋದು. ಪಿಎಫ್ ಪೋರ್ಟಲಲ್ಲಿ ಪ್ರಿನ್ಸಿಪಲ್ ಎಂಪ್ಲಾಯರ್‌ಗೆ (ಅಂದ್ರೆ ಗುತ್ತಿಗೇಲಿ ಕೆಲಸ ಮಾಡಿಸ್ಕೊಳ್ಳೋ ಆಫೀಸಿಗೆ) ಅಂತಾನೇ ಬೇರೆ ಸೌಲಭ್ಯ ಇದೆ, ತಮ್ಮ ಗುತ್ತಿಗೆದಾರ ಕಟ್ಟಿದಾನಾ ಇಲ್ವಾ ಅಂತ ಆಫೀಸಿನೋರೇ ಲಾಗಿನ್ ಆಗಿ ನೋಡಬಹುದು. ಬೆಂಗಳೂರಿನ ಪೌರಕಾರ್ಮಿಕರು ಎಷ್ಟು ವರ್ಷ ಬೀದೀಲಿ ಕೂತ ಮೇಲೆ 2018ರಲ್ಲಿ ಗುತ್ತಿಗೆದಾರರನ್ನ ಬಿಟ್ಟು ನೇರ ಅಕೌಂಟ್‌ಗೆ ಸಂಬಳ ಬರೋಕೆ ಶುರುವಾಯ್ತು, ನಮ್ಮಂಥ ಚದುರಿಹೋಗಿರೋ ಆಪರೇಟರ್‌ಗಳಿಗೆ ಅಷ್ಟು ಒಗ್ಗಟ್ಟು ಎಲ್ಲಿಂದ ತರೋದು.

ಸರಿ ಸರ್ವಿಸ್ ಬಗ್ಗೆ ಬರ್ತೀನಿ, ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ ಕಟ್ಟಿರೋ ತಿಂಗಳು ಮಾತ್ರ ಕಾಣುತ್ತೆ, ಕಟ್ಟದೇ ಇರೋದನ್ನ ಕೆಂಪಲ್ಲಿ ತೋರಿಸಲ್ಲ, ನೀವೇ ಕ್ಯಾಲೆಂಡರ್ ಹಿಡ್ಕೊಂಡು ಬಿಟ್ಟುಹೋಗಿರೋ ತಿಂಗಳು ಎಣಿಸ್ಬೇಕು. ಆ 19ರಲ್ಲಿ ನೀವಿದೀರಾ ಅಂತ ಗೊತ್ತಾಗೋಕೆ ಪಾಸ್‌ಬುಕ್ಕೇ ನೋಡಬೇಕು, ಅದಕ್ಕೆ ಯುಎಎನ್, ಅಂದ್ರೆ ನಿಮ್ಮ ಪಿಎಫ್‌ನ ಕಾಯಂ ನಂಬರ್ ಬೇಕು. ಒಬ್ನೇ ಮಾಲೀಕ ಎರಡು ಹೆಸರಲ್ಲಿ ಕಂಪನಿ ಇಟ್ಟಿದ್ರೆ ಅದನ್ನೂ ಹೇಳಲ್ಲ, ಅಡ್ರೆಸ್ ತಾಳೆ ನೋಡೋ ಬುದ್ಧಿ ನಮಗೇ ಇರಬೇಕು.

ಅಕ್ಕನ ಕಂಪ್ಲೇಂಟ್ ಪಿಎಫ್ ಗ್ರೀವೆನ್ಸ್ ಪೋರ್ಟಲಲ್ಲಿ ಹಾಕಿದೀವಿ, ವಿಚಾರಣೇಲಿದೆ. ಪ್ರಿಂಟೌಟ್ ಮೂರು ಹಾಳೆ ತೆಗೆದು ನಮ್ ಸೂಪರಿಂಟೆಂಡೆಂಟ್ ಸಾಹೇಬ್ರ ಟೇಬಲ್ ಮೇಲೂ ಇಟ್ಟೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು ಪಾಪ, "ಚೆನ್ನಾಗಿ ತೆಗ್ದಿದೀಯಪ್ಪ, ಆದ್ರೆ ನಮ್ ಚೆಕ್‌ಲಿಸ್ಟಲ್ಲಿ ಈ ಕಾಲಂ ಇಲ್ವಲ್ಲ" ಅಂದ್ರು. ಪೆನ್ ಅವ್ರ ಜೇಬಲ್ಲೇ ಇತ್ತು.

ಆಮೇಲೆ ಇನ್ನೊಂದು, ಹೆಸರು ಹಾಕಿ ಹುಡುಕಬೇಡಿ, ಒಂದೇ ಥರದ ಹೆಸರಿನ ಎಂಟರ್‌ಪ್ರೈಸಸ್ ಉದ್ದಕ್ಕೆ ಪಟ್ಟಿ ಬರುತ್ತೆ. ನಿಮ್ಮ ಪಿಎಫ್ ಮೆಂಬರ್ ಐಡೀಲಿ ಮೊದಲ ಐದು ಅಕ್ಷರ ಬಿಟ್ಟು ಮುಂದಿನ 7 ಅಂಕಿ ಇದೆಯಲ್ಲ, ಅದನ್ನ ಹಾಕಿ, ಸೀದಾ ನಿಮ್ ಏಜೆನ್ಸಿಗೇ ಹೋಗುತ್ತೆ.