ಮೆಲ್ಬರ್ನ್‌ನಲ್ಲಿ ಎಕ್ಸ್‌ಪೋಸ್ಡ್ ಅಗ್ರಿಗೇಟ್ ಡ್ರೈವ್‌ವೇ: ತೊಳೆಯುವ ಕೈ ನೋಡಿ ಕೆಲಸ ಕೊಡಿ

ಮನೆ ಮುಂದೆ ಕಾರು ಓಡಾಡುವ ಜಾಗಕ್ಕೆ ಕಲ್ಲು ಕಾಣುವ ಕಾಂಕ್ರೀಟ್, ಅಂದ್ರೆ ಎಕ್ಸ್‌ಪೋಸ್ಡ್ ಅಗ್ರಿಗೇಟ್ ಹಾಕಿಸಿ ಒಂದು ಚಳಿಗಾಲ ಕಳೆದಿದೆ. ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆಗಳಾದ ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಹೊಸ ಮನೆ ಕಟ್ಟಿಸುವ ನಮ್ಮವರು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸ ಮಾಡಿದವರ ಹೆಸರು ಹಾಕುವುದಿಲ್ಲ, ಯಾಕಂದ್ರೆ ಒಂದು ದೂರೂ ಇದೆ.

ಅಡಿಪಾಯದ ಕೆಲಸ ಚೆನ್ನಾಗಿತ್ತು. ಈ ಕಡೆಯದು ಜೇಡಿಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಪುಡಿಜಲ್ಲಿ ಹಾಸಿ ಗಟ್ಟಿಯಾಗಿ ಕುಟ್ಟಿ, ಕಬ್ಬಿಣದ ಮೆಶ್ಶನ್ನು ಚೇರ್ ಅನ್ನುವ ಪ್ಲಾಸ್ಟಿಕ್‌ನ ಸಣ್ಣ ಆಸರೆಗಳ ಮೇಲೆ ಎತ್ತಿ ಕೂರಿಸಿದರು. ಸುಮ್ನೆ ನೆಲಕ್ಕೆ ಹಾಸಿ ಮೇಲೆ ಕಾಂಕ್ರೀಟ್ ಸುರಿದರೆ ಆ ಕಬ್ಬಿಣ ಇದ್ದೂ ಇಲ್ಲದ ಹಾಗೆ. ದಪ್ಪ 100 ಮಿಲಿಮೀಟರ್. ಕಾರು ಓಡಾಡುವ ಜಾಗಕ್ಕೆ ಅದಕ್ಕಿಂತ ಕಮ್ಮಿಗೆ ಒಪ್ಪಬೇಡಿ.

ಅಸಲಿ ಕೈಚಳಕ ಇರುವುದು ತೊಳೆಯುವುದರಲ್ಲಿ. ಕಾಂಕ್ರೀಟ್ ಸಮ ಮಾಡಿದ ಮೇಲೆ ರಿಟಾರ್ಡರ್ ಅನ್ನುವ ದ್ರವ ಸಿಂಪಡಿಸುತ್ತಾರೆ. ಅದರಿಂದ ಮೇಲಿನ ತೆಳು ಪದರ ಮೆತ್ತಗೇ ಉಳಿಯುತ್ತದೆ, ಕೆಳಗಿನದು ಗಟ್ಟಿಯಾಗುತ್ತದೆ. ಆ ಪದರವನ್ನು ಪ್ರೆಷರ್ ವಾಷರ್‌ನಲ್ಲಿ ತೊಳೆದುಹಾಕಿದರೆ ಕಲ್ಲು ಮುಖ ತೋರಿಸುತ್ತದೆ. ಬೇಗ ತೊಳೆದರೆ ಕಲ್ಲೇ ಕಿತ್ತು ಬರುತ್ತದೆ, ತಡವಾದರೆ ಸಿಮೆಂಟ್ ಬಿಡುವುದಿಲ್ಲ, ಇಡೀ ನೆಲ ಮಂಕು. ನಮ್ಮಲ್ಲಿಗೆ ಬಂದ ಹಿರಿಯ ಕೆಲಸಗಾರ ಒಂದು ಮೂಲೆಯಲ್ಲಿ ಅಂಗೈಯಗಲ ಮಾತ್ರ ತೊಳೆದು, ಕಲ್ಲುಗಳನ್ನು ಹೆಬ್ಬೆರಳಿನಿಂದ ಒತ್ತಿ ಅಲುಗಾಡಿಸಿ ನೋಡಿ, ಏನೂ ಮಾತಾಡದೆ ವಾಷರ್ ಆಫ್ ಮಾಡಿ ಕಾಯುತ್ತಾ ಕೂತರು. ಕೊಟ್ಟ ದುಡ್ಡು ಆ ತಾಳ್ಮೆಗೇ ಸಂದಿತು ಅನ್ನಿಸಿತು. ಸಿಮೆಂಟ್ ನೀರನ್ನು ಬೀದಿಯ ಮಳೆನೀರಿನ ಚರಂಡಿಗೆ ಬಿಡದೆ ಮರಳುಚೀಲ ಅಡ್ಡ ಇಟ್ಟು ಹಿಡಿದರು. ಆ ನೀರು ತೊರೆ ಸೇರಿದರೆ ಮೀನಿಗೆ ಕುತ್ತು, ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ದಂಡವೂ ಬೀಳುತ್ತದೆ.

ಇನ್ನು ದೂರು. ಕಾಂಕ್ರೀಟ್ ಒಣಗಿ ಕುಗ್ಗುವಾಗ ಎಲ್ಲಾದರೂ ಬಿರಿಯಲೇಬೇಕು, ಅಲ್ವಾ? ನಾವು ಹೇಳಿದ ಕಡೆ ಬಿರಿಯಲಿ ಅಂತ ಯಂತ್ರದ ಗರಗಸದಲ್ಲಿ ಗೀರು ಹಾಕುತ್ತಾರೆ. ಮಾರನೇ ದಿನದೊಳಗೆ ಮುಗಿಯಬೇಕಿದ್ದ ಈ ಕೆಲಸಕ್ಕೆ ಇವರು ವಾರಾಂತ್ಯ ಕಳೆದ ಮೇಲೆ ಬಂದರು. ಅಷ್ಟರಲ್ಲಿ ಚರಂಡಿ ಮುಚ್ಚಳದ ಮೂಲೆಯಿಂದ ಕೂದಲೆಳೆ ಬಿರುಕೊಂದು ಓಡಿತ್ತು. ಕೇಳಿದರೆ ಕಾಂಕ್ರೀಟ್ ಅಂದಮೇಲೆ ಬಿರಿಯುತ್ತದೆ ಅಂದುಬಿಟ್ಟರು. ಈ ಉತ್ತರ ನನಗೆ ತುಂಬಾ ಬೇಜಾರು ಮಾಡಿತು. ಇದಕ್ಕೆ ತೇಪೆ ಹಾಕಿದರೂ ಎದ್ದು ಕಾಣುತ್ತದೆ, ಹೊಸ ಸಿಮೆಂಟಿನ ಬಣ್ಣ ಹಳೆಯದಕ್ಕೆ ಕೂಡುವುದಿಲ್ಲ.

ಬಳಕೆಗೆ ಮಾತ್ರ ಸೊಗಸಾಗಿದೆ. ಜಿಟಿಜಿಟಿ ಮಳೆಯಲ್ಲೂ ಜಾರುವುದಿಲ್ಲ, ಊರಿಂದ ಬಂದ ಅಮ್ಮ ಧೈರ್ಯವಾಗಿ ಓಡಾಡಿದರು. ಬರಿಗಾಲಿಗೆ ಸ್ವಲ್ಪ ಒರಟು. ಸೀಲರ್, ಅಂದ್ರೆ ಕಲೆ ಇಳಿಯದ ಹಾಗೆ ಮೇಲೆ ಬಳಿಯುವ ದ್ರವ, ಹಾಕಿಸಿ, ಇಲ್ಲದಿದ್ದರೆ ಕಾರಿನ ಆಯಿಲ್ ಕಲೆ ಹೋಗುವುದು ಕಷ್ಟ. ಹೊಳಪು ಜಾಸ್ತಿ ಇರುವುದು ಬೇಡ, ಕಲ್ಲಿಗೆ ಪ್ಲಾಸ್ಟಿಕ್ ಕಳೆ ಬರುತ್ತದೆ. ಸಾದಾ ಕಾಂಕ್ರೀಟಿಗಿಂತ ಖರ್ಚು ಜಾಸ್ತಿಯೇ. ಆಯ್ಕೆ ಮಾಡುವಾಗ ಅವರು ತೋರಿಸುವ ಸಣ್ಣ ಸ್ಯಾಂಪಲ್ ನಂಬಬೇಡಿ, ಅದೇ ತಂಡ ಹಿಂದೆ ಮಾಡಿದ ಮನೆಯ ವಿಳಾಸ ಕೇಳಿ ಹೋಗಿ ನೋಡಿ.

ಹಿತ್ತಲಿಗೂ ಇವರನ್ನೇ ಕರೆಯುತ್ತೇನೆ. ಆದರೆ ಗರಗಸದ ಕಟಿಂಗ್ ಯಾವತ್ತು ಅನ್ನುವುದನ್ನು ಕೊಟೇಶನ್‌ನಲ್ಲೇ ಬರೆಸಿಕೊಂಡ ಮೇಲೆ.